ಸೋಫಾದಿಂದ ಗರ್ಭಕ್ಕೆ

1975ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ಸೋಫಾ, ಮೆತ್ತೆ ಕುರ್ಚಿಗಳಿಗೆ ಒಂದು ನಿಯಮ ತಂದಿತು. ಟೆಕ್ನಿಕಲ್ ಬುಲೆಟಿನ್ 117 ಎಂದು ಅದರ ಹೆಸರು. ಒಳಗಿನ ಫೋಮಿಗೆ 12 ಸೆಕೆಂಡು ಸಣ್ಣ ಜ್ವಾಲೆ ಹಿಡಿದರೂ ಅದು ಹೊತ್ತಿಕೊಂಡು ಉರಿಯಬಾರದು ಎನ್ನುವುದು ಅದರ ಮುಖ್ಯ ಷರತ್ತು. ಪಾಲಿಯುರೆಥೇನ್ ಫೋಮ್ ಪೆಟ್ರೋಲಿಯಂ ಮೂಲದ ವಸ್ತು, ಬೆಂಕಿ ತಾಗಿದರೆ ಭಗ್ಗನೆ ಉರಿಯುತ್ತದೆ. ಪರೀಕ್ಷೆ ಪಾಸಾಗಲು ಕಾರ್ಖಾನೆಗಳಿಗೆ ಕಂಡ ಅಗ್ಗದ ದಾರಿ ಎಂದರೆ ಫೋಮಿಗೆ ಬ್ರೋಮಿನ್ ಅಥವಾ ಕ್ಲೋರಿನ್ ಇರುವ ರಾಸಾಯನಿಕ ಬೆರೆಸುವುದು. ಕೆಲವು ಸೋಫಾಗಳಲ್ಲಿ ಫೋಮಿನ ತೂಕದ ನೂರಕ್ಕೆ ಐದರಷ್ಟು ಇಂಥ ರಾಸಾಯನಿಕವೇ ಇರುತ್ತಿತ್ತು. ಒಂದು ರಾಜ್ಯಕ್ಕೊಂದು ಬಗೆ, ಉಳಿದವಕ್ಕೆ ಇನ್ನೊಂದು ಬಗೆ ಎಂದು ಸರಕು ತಯಾರಿಸುವ ತಾಪತ್ರಯ ಯಾರಿಗೂ ಬೇಕಿರಲಿಲ್ಲ. ಹಾಗಾಗಿ ಕ್ಯಾಲಿಫೋರ್ನಿಯಾದ ಸೋಫಾ ಇಡೀ ಅಮೆರಿಕದ ಸೋಫಾ ಆಯಿತು.

ನಿಯಮ ಬರೆದವರ ಉದ್ದೇಶ ಕೆಟ್ಟದ್ದಲ್ಲ. ಆ ಕಾಲದ ಅಮೆರಿಕದಲ್ಲಿ ಸಿಗರೇಟು ಸೇದುತ್ತ ಸೋಫಾದ ಮೇಲೆ ನಿದ್ದೆ ಹೋಗಿ ಸುಟ್ಟು ಸತ್ತವರು ಬಹಳ ಜನ. ಆದರೆ ಆ ನಿಯಮದಿಂದ ಪ್ರಾಣ ಉಳಿಯಿತೇ, ಅದಕ್ಕೆ ತೆತ್ತ ಬೆಲೆ ಏನು, ತೆತ್ತವರು ಯಾರು ಎಂಬ ಪ್ರಶ್ನೆಗಳನ್ನು ಗಟ್ಟಿಯಾಗಿ ಕೇಳಲು ಸುಮಾರು ಮೂರು ದಶಕ ಬೇಕಾದವು. ಬೆಲೆ ತೆತ್ತವರಲ್ಲಿ ಹೆಚ್ಚಿನವರು ಸಿಗರೇಟು ಮುಟ್ಟದವರು, ಸೋಫಾ ಕೊಳ್ಳದವರು, ಹಲವರಂತೂ ಇನ್ನೂ ಹುಟ್ಟಿರದವರು.

ಸ್ಯಾನ್ ಫ್ರಾನ್ಸಿಸ್ಕೋದ ದಕ್ಷಿಣಕ್ಕೆ ಸಲೀನಾಸ್ ಕಣಿವೆ ಇದೆ. ಲೆಟ್ಯೂಸ್, ಸ್ಟ್ರಾಬೆರಿ ಬೆಳೆಯುವ ಸೀಮೆ. ಹೊಲದಲ್ಲಿ ದುಡಿಯುವವರಲ್ಲಿ ಬಹುಪಾಲು ಮೆಕ್ಸಿಕೋ ಮೂಲದವರು. ಬರ್ಕ್ಲಿ ವಿಶ್ವವಿದ್ಯಾಲಯದ ಬ್ರೆಂಡಾ ಎಸ್ಕೆನಾಜಿ ಮತ್ತು ಸಂಗಡಿಗರು 1999ರಲ್ಲಿ ಇಲ್ಲಿ ಶುರುಮಾಡಿದ ಚಾಮಾಕೋಸ್ ಅಧ್ಯಯನಕ್ಕೆ 601 ಬಸುರಿಯರು ಸೇರಿಕೊಂಡರು. ಕೀಟನಾಶಕ ಹೊಟ್ಟೆಯೊಳಗಿನ ಕೂಸಿಗೆ ಏನು ಮಾಡುತ್ತದೆಂದು ತಿಳಿಯುವುದು ಮೊದಲ ಉದ್ದೇಶ. ಮುಂದೆ ಅವರು ರಕ್ತದಲ್ಲಿ ಪಿಬಿಡಿಇ ಎಂಬ ಬ್ರೋಮಿನ್‌ಯುಕ್ತ ಬೆಂಕಿ ತಡೆ ರಾಸಾಯನಿಕಗಳನ್ನೂ ಅಳೆದರು. ಏಳು ವರ್ಷದ ಮಕ್ಕಳ ರಕ್ತದಲ್ಲಿ ಕಂಡ ಪ್ರಮಾಣ, ಅವರ ತಾಯಂದಿರು ಬಸುರಿಯರಾಗಿದ್ದಾಗ ಇದ್ದುದರ ಮೂರರಷ್ಟು. ಮೆಕ್ಸಿಕೋದಲ್ಲೇ ಬೆಳೆಯುತ್ತಿದ್ದ ಮಕ್ಕಳಲ್ಲಿದ್ದುದರ ಏಳರಷ್ಟು.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಎರಡೂ ಕಡೆಯ ಮಕ್ಕಳ ಮೂಲ ಒಂದೇ. ಸಲೀನಾಸ್‌ನ ತಾಯಂದಿರಲ್ಲಿ ಬಹಳ ಮಂದಿ ದೊಡ್ಡವರಾದ ಮೇಲೆ ಕ್ಯಾಲಿಫೋರ್ನಿಯಾಕ್ಕೆ ಬಂದವರು. ಮಕ್ಕಳು ಅಲ್ಲೇ ಹುಟ್ಟಿ, ಅಲ್ಲಿನ ಮನೆಗಳ ನೆಲದ ಮೇಲೆ ಅಂಬೆಗಾಲಿಟ್ಟವರು. ವ್ಯತ್ಯಾಸ ಇದ್ದದ್ದು ಮನೆಯಲ್ಲಿ. ಆ ಮನೆಗಳಲ್ಲಿ ಸೋಫಾ ಇತ್ತು, ಸೋಫಾದಿಂದ ಉದುರಿದ ಧೂಳು ಇತ್ತು.

ಈ ರಾಸಾಯನಿಕಗಳು ಫೋಮಿನೊಂದಿಗೆ ರಾಸಾಯನಿಕ ಬಂಧದಿಂದ ಕೂಡಿಕೊಂಡಿರುವುದಿಲ್ಲ, ಸುಮ್ಮನೆ ಬೆರೆತಿರುತ್ತವೆ ಅಷ್ಟೆ. ಕೂತಾಗ, ಎದ್ದಾಗ, ಫೋಮ್ ಹಳತಾಗಿ ಪುಡಿಯಾದಾಗ ಹೊರಬರುತ್ತವೆ, ಧೂಳಿಗೆ ಅಂಟುತ್ತವೆ. ದೊಡ್ಡವರು ಆ ಧೂಳನ್ನು ತುಳಿದು ಓಡಾಡುತ್ತಾರೆ. ಮಗು ಅದರಲ್ಲೇ ಹೊರಳುತ್ತದೆ, ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತದೆ. ಅದರ ಪುಟ್ಟ ಮೈತೂಕಕ್ಕೆ ಹೋಲಿಸಿದರೆ ಒಳಹೋಗುವ ಪಾಲು ನಮಗಿಂತ ಎಷ್ಟೋ ಹೆಚ್ಚು. ಪಿಬಿಡಿಇ ಕೊಬ್ಬಿನಲ್ಲಿ ಕರಗುವ ವಸ್ತುವಾದ್ದರಿಂದ ಎದೆಹಾಲಿನಲ್ಲೂ ಬರುತ್ತದೆ. ಸೋಫಾಗಳಲ್ಲಿ ಹೆಚ್ಚಾಗಿ ಬಳಕೆಯಾದ ಬಗೆಗಳು ಒಮ್ಮೆ ಮೈಸೇರಿದರೆ ವರ್ಷಗಟ್ಟಲೆ ಉಳಿಯುತ್ತವೆ. ಹೀಗಾಗಿ ಹೆಣ್ಣುಮಗಳೊಬ್ಬಳು ಬಸುರಿಯಾಗುವ ಮೊದಲು ಎಲ್ಲಿ ವಾಸವಿದ್ದಳು ಎನ್ನುವುದೂ ಕೂಸಿನ ಪಾಲಿಗೆ ಮುಖ್ಯವಾಗುತ್ತದೆ. ತಾಯಿಯ ರಕ್ತದಲ್ಲಿರುವುದು ಮಾಸು ದಾಟಿ ಕೂಸಿಗೆ ಸೇರುತ್ತದೆ.

ಕೂಸಿನ ಮೆದುಳಿಗೆ ಇದರಿಂದ ಏಕೆ ಕೇಡು? ಪಿಬಿಡಿಇ ಅಣುವಿನ ರಚನೆ ನಮ್ಮ ಥೈರಾಯ್ಡ್ ಗ್ರಂಥಿಯ ಹಾರ್ಮೋನಿನ ರಚನೆಯನ್ನು ಹೋಲುತ್ತದೆ. ಆದ್ದರಿಂದ ಅದು ಆ ಹಾರ್ಮೋನಿನ ಸಾಗಣೆಯಲ್ಲಿ, ಕೆಲಸದಲ್ಲಿ ಅಡ್ಡಬರುತ್ತದೆ. ಬಸಿರಿನ ಮೊದಲ ತಿಂಗಳುಗಳಲ್ಲಿ ಕೂಸಿಗೆ ಸ್ವಂತ ಥೈರಾಯ್ಡ್ ಕೆಲಸ ಮಾಡುವುದಿಲ್ಲ. ಮೆದುಳಿನ ಕಣಗಳು ಹುಟ್ಟಿ ತಮ್ಮ ತಮ್ಮ ಜಾಗಕ್ಕೆ ಸೇರಿಕೊಳ್ಳುವ ಆ ಹೊತ್ತಿನಲ್ಲಿ ಅದು ಪೂರ್ತಿಯಾಗಿ ತಾಯಿಯ ಹಾರ್ಮೋನನ್ನೇ ನೆಚ್ಚಿಕೊಂಡಿರುತ್ತದೆ. ಈ ಮಾತು ನಮಗೆ ಹೊಸತಲ್ಲ. ಅಯೋಡಿನ್ ಕೊರತೆಯಿಂದ ಗಳಗಂಡ ಬರುವುದನ್ನು ಮಲೆನಾಡು ಕಂಡಿದೆ. ಗಂಟಲಿನ ಗಂಟಿಗಿಂತ ದೊಡ್ಡ ಹಾನಿ ಹುಟ್ಟಲಿರುವ ಮಗುವಿನ ಬುದ್ಧಿಬೆಳವಣಿಗೆಗೆ ಆಗುತ್ತದೆ ಎಂದು ತಿಳಿದೇ ಸರ್ಕಾರ ಇಡೀ ದೇಶದ ಉಪ್ಪಿಗೆ ಅಯೋಡಿನ್ ಸೇರಿಸಿತು. ಥೈರಾಯ್ಡ್ ಹಾರ್ಮೋನನ್ನು ಉಳಿಸಿಕೊಳ್ಳಲು ಒಂದು ಕೈಯಲ್ಲಿ ಉಪ್ಪನ್ನು ಬದಲಿಸಿದ ನಾವು, ಅದೇ ಹಾರ್ಮೋನಿಗೆ ಅಡ್ಡಬರುವ ವಸ್ತುವನ್ನು ಇನ್ನೊಂದು ಕೈಯಿಂದ ಮನೆಯೊಳಗೆ ಬಿಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ.

2013ರಲ್ಲಿ ಸಲೀನಾಸ್ ತಂಡ ತನ್ನ ಫಲಿತಾಂಶ ಪ್ರಕಟಿಸಿತು. ಗರ್ಭದಲ್ಲಿದ್ದಾಗ ಹೆಚ್ಚು ಪಿಬಿಡಿಇಗೆ ಒಡ್ಡಿಕೊಂಡ ಮಕ್ಕಳಲ್ಲಿ ಗಮನ ನಿಲ್ಲಿಸುವ ಶಕ್ತಿ, ಬೆರಳುಗಳ ನಾಜೂಕು ಚಲನೆ, ಬುದ್ಧಿಮಾಪನದ ಅಂಕ ಕಡಿಮೆ ಇದ್ದವು. ಹುಟ್ಟಿದ ಮೇಲೆ ಮೈಸೇರಿದ ಪ್ರಮಾಣಕ್ಕೂ ಇಂಥ ಕೊರತೆಗಳಿಗೂ ಸಂಬಂಧ ಕಂಡಿತು. ಇದಕ್ಕೂ ಮೊದಲು, 2010ರಲ್ಲಿ, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದವರು ಹೊಕ್ಕುಳಬಳ್ಳಿಯ ರಕ್ತ ಪರೀಕ್ಷಿಸಿ ಇಂಥದೇ ಸಂಬಂಧ ಗುರುತಿಸಿದ್ದರು. ಮುಂದೆ ಸಿನ್ಸಿನಾಟಿಯ ಅಧ್ಯಯನವೂ ಅದೇ ದಿಕ್ಕಿಗೆ ಕೈತೋರಿತು. 2017ರಲ್ಲಿ ಇಂಥ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ ಪರಾಮರ್ಶೆಯೊಂದು, ತಾಯಿಯ ಮೈಯಲ್ಲಿ ಪಿಬಿಡಿಇ ಹತ್ತು ಪಟ್ಟು ಏರಿದರೆ ಮಗುವಿನ ಐಕ್ಯೂ ಸರಾಸರಿ 3.7 ಅಂಕ ಇಳಿಯುತ್ತದೆಂದು ಅಂದಾಜಿಸಿತು.

ನಾಲ್ಕು ಅಂಕ ಹೋದರೆ ಏನಂತೆ ಎನ್ನುವವರಿದ್ದಾರೆ. ಒಂದು ಮಗುವಿನಲ್ಲಿ ಅದು ಕಣ್ಣಿಗೆ ಕಾಣುವುದಿಲ್ಲ, ನಿಜ. ಒಂದು ಜನಸಮುದಾಯದ ಸರಾಸರಿಯೇ ಅಷ್ಟು ಇಳಿದರೆ ಏನಾಗುತ್ತದೆಂದು ಲೆಕ್ಕ ಹಾಕಿ. ಐಕ್ಯೂ 70ಕ್ಕಿಂತ ಕಡಿಮೆ ಇರುವ, ಬದುಕಿನುದ್ದಕ್ಕೂ ಇನ್ನೊಬ್ಬರ ನೆರವು ಬೇಕಾಗಬಹುದಾದ ಮಕ್ಕಳು ಸಾವಿರಕ್ಕೆ 23 ಇದ್ದದ್ದು 40ರ ಹತ್ತಿರ ಬರುತ್ತದೆ. ಅಂಥ ಒಂದು ಮಗುವನ್ನು ಸಾಕಿದ ಮನೆಯವರಿಗೆ ಗೊತ್ತು, ಈ 17 ಎಂಬ ವ್ಯತ್ಯಾಸ ಎಷ್ಟು ಭಾರದ್ದೆಂದು.

ಇವೆಲ್ಲ ಸಂಬಂಧ ತೋರಿಸುವ ಅಧ್ಯಯನಗಳು, ಕಾರಣವನ್ನು ಸಾಬೀತು ಮಾಡುವಂಥವಲ್ಲ ಎಂಬ ಆಕ್ಷೇಪಣೆಯನ್ನು ನಾನು ತಳ್ಳಿಹಾಕುವುದಿಲ್ಲ. ಬಡತನ, ಆಹಾರ, ಬೇರೆ ವಿಷಗಳು ಇವೆಲ್ಲದರ ಪ್ರಭಾವವನ್ನು ಲೆಕ್ಕದಿಂದ ಪೂರ್ತಿ ಬಿಡಿಸಿ ತೆಗೆಯುವುದು ಕಷ್ಟ. ಆದರೆ ಬೇರೆ ಬೇರೆ ಊರಿನ, ಬೇರೆ ಬೇರೆ ಸ್ಥಿತಿಗತಿಯ ತಾಯಂದಿರಲ್ಲಿ ಒಂದೇ ಬಗೆಯ ಫಲಿತಾಂಶ ಬರುತ್ತಿದೆ. ಸ್ವೀಡನ್ನಿನ ವಿಜ್ಞಾನಿಗಳು ಹತ್ತು ದಿನದ ಇಲಿಮರಿಗಳಿಗೆ ಒಂದೇ ಸಲ ಪಿಬಿಡಿಇ ಕೊಟ್ಟು, ದೊಡ್ಡವಾದ ಮೇಲೂ ಅವುಗಳ ನಡವಳಿಕೆ ಸರಿಹೋಗದೆ ಉಳಿದದ್ದನ್ನು 2001ರಲ್ಲೇ ವರದಿ ಮಾಡಿದ್ದರು. ಹಾರ್ಮೋನಿನ ದಾರಿಯೂ ಗೊತ್ತಿದೆ. ಇದಕ್ಕಿಂತ ಖಚಿತ ಸಾಕ್ಷಿ ಬೇಕೆಂದರೆ ಒಂದಷ್ಟು ಬಸುರಿಯರಿಗೆ ಬೇಕೆಂದೇ ವಿಷ ಉಣಿಸಿ ನೋಡಬೇಕು. ಅದನ್ನು ಯಾರೂ ಮಾಡಬಾರದು. ಹಾಗಿರುವಾಗ ಪೂರ್ಣ ಸಾಕ್ಷಿ ಬರಲಿ ಎಂದು ಕಾಯುವುದು, ಆ ಪ್ರಯೋಗವನ್ನು ಹೇಳದೆ ಕೇಳದೆ ಎಲ್ಲ ಬಸುರಿಯರ ಮೇಲೂ ಮಾಡಿದಂತೆಯೇ ಸರಿ.

ನನ್ನ ಮುಖ್ಯ ವಾದ ಒಂದು ರಾಸಾಯನಿಕದ ಕುರಿತದ್ದಲ್ಲ. ಒಂದೊಂದೇ ರಾಸಾಯನಿಕವನ್ನು ಹಿಡಿದು, ದಶಕಗಟ್ಟಲೆ ಪರೀಕ್ಷಿಸಿ, ಕೊನೆಗೆ ನಿಷೇಧಿಸುವ ನಮ್ಮ ಪದ್ಧತಿಯೇ ಮಕ್ಕಳಿಗೆ ಮೋಸ ಮಾಡುತ್ತಿದೆ ಎನ್ನುವುದು. ಬೆಂಕಿ ತಡೆ ರಾಸಾಯನಿಕಗಳ ಐವತ್ತು ವರ್ಷದ ಚರಿತ್ರೆ ಇದಕ್ಕೆ ಸಾಕ್ಷಿ.

1973ರಲ್ಲಿ ಮಿಷಿಗನ್ ರಾಜ್ಯದಲ್ಲಿ ಫೈರ್‌ಮಾಸ್ಟರ್ ಎಂಬ ಬೆಂಕಿ ತಡೆ ಪುಡಿಯ ಚೀಲಗಳು ನ್ಯೂಟ್ರಿಮಾಸ್ಟರ್ ಎಂಬ ದನದ ಪೂರಕ ಆಹಾರದ ಬದಲಿಗೆ ತಪ್ಪಿ ಪಶು ಆಹಾರದ ಗಿರಣಿಗೆ ಹೋದವು. ಅದರಲ್ಲಿದ್ದದ್ದು ಪಿಬಿಬಿ ಎಂಬ ಬ್ರೋಮಿನ್ ಸಂಯುಕ್ತ. ಏನಾಗಿದೆಯೆಂದು ತಿಳಿಯುವಷ್ಟರಲ್ಲಿ ಅದು ಹಾಲು, ಮಾಂಸ, ಮೊಟ್ಟೆಗಳ ಮೂಲಕ ಜನರ ಹೊಟ್ಟೆ ಸೇರಿತ್ತು. ಸುಮಾರು 30,000 ದನಗಳನ್ನೂ 15 ಲಕ್ಷ ಕೋಳಿಗಳನ್ನೂ ಕೊಂದು ಹೂಳಬೇಕಾಯಿತು. ಗರ್ಭದಲ್ಲಿದ್ದಾಗಲೇ ಪಿಬಿಬಿಗೆ ಹೆಚ್ಚಾಗಿ ಒಡ್ಡಿಕೊಂಡು, ಎದೆಹಾಲನ್ನೂ ಕುಡಿದು ಬೆಳೆದ ಹೆಣ್ಣುಮಕ್ಕಳು ಉಳಿದವರಿಗಿಂತ ಆರು ತಿಂಗಳಿಂದ ಒಂದು ವರ್ಷ ಮೊದಲೇ ಮೈನೆರೆದರು ಎಂದು ಮುಂದೆ ಅಧ್ಯಯನ ತೋರಿಸಿತು. ತಾಯಿ ತಿಂದದ್ದು ಮಗಳ ಮೈಯಲ್ಲಿ ಹನ್ನೆರಡು ವರ್ಷದ ನಂತರ ಕಾಣಿಸಿಕೊಂಡಿತ್ತು.

ಪಿಬಿಬಿ ಹೋಯಿತು. ಅದೇ ದಶಕದಲ್ಲಿ ಮಕ್ಕಳ ರಾತ್ರಿಯುಡುಪಿಗೆ ಟ್ರಿಸ್ ಎಂಬ ಬ್ರೋಮಿನ್ ರಾಸಾಯನಿಕ ಹಚ್ಚುತ್ತಿದ್ದರು. ಆರ್ಲೀನ್ ಬ್ಲಮ್ ಮತ್ತು ಬ್ರೂಸ್ ಏಮ್ಸ್ 1977ರ ಜನವರಿಯಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಲೇಖನ ಬರೆದು ಇದು ಕ್ಯಾನ್ಸರ್ ತರಬಹುದೆಂದು ಎಚ್ಚರಿಸಿದರು, ಏಪ್ರಿಲ್‌ನಲ್ಲಿ ಅದಕ್ಕೆ ನಿಷೇಧ ಬಂತು. ಅದರ ಜಾಗಕ್ಕೆ ಬಂದದ್ದು ಕ್ಲೋರಿನ್ ಟ್ರಿಸ್. ಅದೂ ವಂಶವಾಹಿಗೆ ಹಾನಿಮಾಡುತ್ತದೆಂದು ತಿಳಿದು ಉಡುಪಿನಿಂದ ಹಿಂದೆ ಸರಿಯಿತು. ಸರಿದದ್ದು ಉಡುಪಿನಿಂದ ಮಾತ್ರ, ಸೋಫಾದಿಂದಲ್ಲ. ಸೋಫಾಗಳಲ್ಲಿ ಪೆಂಟಾ ಎಂಬ ಪಿಬಿಡಿಇ ಮಿಶ್ರಣ ರಾಜ್ಯವಾಳಿತು. ಪ್ರಪಂಚದಲ್ಲಿ ಬಳಕೆಯಾದ ಪೆಂಟಾದ ಬಹುಪಾಲು ಉತ್ತರ ಅಮೆರಿಕದ ಫೋಮಿನೊಳಗೇ ಹೋಗಿದೆ. 2004ರ ಕೊನೆಗೆ ಅದರ ತಯಾರಿಕೆ ನಿಂತಿತು. ಬದಲಿಗೆ ಫೈರ್‌ಮಾಸ್ಟರ್ 550 ಬಂತು, ಅದರಲ್ಲೂ ಬ್ರೋಮಿನ್. ಜೊತೆಗೆ ಹಳೆಯ ಕ್ಲೋರಿನ್ ಟ್ರಿಸ್ ಕೂಡ ಹೆಚ್ಚು ಬಳಕೆಗೆ ಬಂತು. 2011ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಹೆದರ್ ಸ್ಟೇಪಲ್ಟನ್ ತಂಡ ಮಕ್ಕಳ ಕಾರ್ ಸೀಟು, ಹಾಲೂಡಿಸುವ ದಿಂಬು, ಡಯಾಪರ್ ಬದಲಿಸುವ ಮೆತ್ತೆ ಮೊದಲಾದ 101 ವಸ್ತುಗಳ ಫೋಮ್ ಪರೀಕ್ಷಿಸಿದಾಗ 80ರಲ್ಲಿ ಬೆಂಕಿ ತಡೆ ರಾಸಾಯನಿಕ ಸಿಕ್ಕಿತು. ಎಲ್ಲಕ್ಕಿಂತ ಹೆಚ್ಚಾಗಿ ಸಿಕ್ಕಿದ್ದು ಹಿಂದೆ ಮಕ್ಕಳ ಬಟ್ಟೆಯಿಂದ ಹೊರಹಾಕಿದ ಅದೇ ಕ್ಲೋರಿನ್ ಟ್ರಿಸ್. ಹಾಲೂಡಿಸುವ ದಿಂಬಿಗೆ ಬೆಂಕಿ ಎಲ್ಲಿಂದ ಬರಬೇಕು?

ಒಂದು ರಾಸಾಯನಿಕದ ಕೇಡನ್ನು ತೋರಿಸಲು ವಿಜ್ಞಾನಿಗಳಿಗೆ ಹದಿನೈದು ಇಪ್ಪತ್ತು ವರ್ಷ ಬೇಕು. ಬಸುರಿಯರನ್ನು ಸೇರಿಸಿಕೊಳ್ಳಬೇಕು, ಮಗು ಹುಟ್ಟಬೇಕು, ಶಾಲೆಗೆ ಹೋಗುವಷ್ಟು ಬೆಳೆಯಬೇಕು. ಅದರ ಸೋದರ ರಾಸಾಯನಿಕವನ್ನು ಮಾರುಕಟ್ಟೆಗೆ ತರಲು ಕಾರ್ಖಾನೆಗೆ ಅಷ್ಟು ಕಾಲ ಬೇಕಿಲ್ಲ. ಈ ಓಟದಲ್ಲಿ ಮಗು ಗೆಲ್ಲುವುದು ಸಾಧ್ಯವೇ ಇಲ್ಲ. ಆದ್ದರಿಂದ ಬ್ರೋಮಿನ್, ಕ್ಲೋರಿನ್ ಇರುವ ಬೆಂಕಿ ತಡೆ ರಾಸಾಯನಿಕಗಳನ್ನು ಒಂದು ಗುಂಪೆಂದೇ ಕಂಡು, ಮಕ್ಕಳ ಮೈಗೆ ತಾಕುವ ವಸ್ತುಗಳಿಂದ ಇಡೀ ಗುಂಪನ್ನು ದೂರವಿಡಬೇಕು. ಯಾವುದಾದರೂ ಒಂದು ನಿರಪಾಯಕಾರಿ ಎಂದು ತೋರಿಸುವ ಹೊಣೆ ಮಾರುವವನದಾಗಬೇಕು. ಇದು ಕನಸಿನ ಮಾತಲ್ಲ. ಯುರೋಪಿನ ಒಕ್ಕೂಟ 2021ರ ಮಾರ್ಚ್‌ನಿಂದ ಟಿವಿ ಮತ್ತು ಮಾನಿಟರುಗಳ ಹೊರಕವಚದಲ್ಲಿ ಈ ಇಡೀ ಗುಂಪನ್ನೇ ನಿಷೇಧಿಸಿದೆ. ಕ್ಯಾಲಿಫೋರ್ನಿಯಾ 2018ರಲ್ಲಿ ಮಾಡಿದ ಕಾನೂನು 2020ರಿಂದ ಮಕ್ಕಳ ವಸ್ತು, ಹಾಸಿಗೆ ಫೋಮ್, ಸೋಫಾಗಳಿಗೆ ಅನ್ವಯವಾಗುತ್ತಿದೆ.

ಬೆಂಕಿಯ ಭಯವನ್ನು ಹಗುರವಾಗಿ ಕಾಣಬಾರದು. ಸುಟ್ಟ ಮಗುವನ್ನು ನೋಡಿದವರು ಯಾರೂ ಹಾಗೆ ಕಾಣಲಾರರು. ಹಾಗೆಂದೇ ಆ ಭಯವನ್ನು ದುಡಿಸಿಕೊಂಡವರ ಬಗ್ಗೆ ನನಗೆ ಕೋಪವಿದೆ. 2012ರಲ್ಲಿ ಷಿಕಾಗೋ ಟ್ರಿಬ್ಯೂನ್ ಪತ್ರಿಕೆಯ ತನಿಖಾ ಲೇಖನಮಾಲೆ ಬಯಲುಮಾಡಿದ ಸಂಗತಿ ಇದು: ಬೆಂಕಿ ಸುರಕ್ಷತೆಗಾಗಿ ಹೋರಾಡುವ ನಾಗರಿಕರ ಸಂಘ ಎಂದು ಹೇಳಿಕೊಂಡ ಸಂಸ್ಥೆಯ ಹಿಂದೆ ಇದ್ದದ್ದು ಇದೇ ರಾಸಾಯನಿಕ ತಯಾರಿಸುವ ಮೂರು ದೊಡ್ಡ ಕಂಪನಿಗಳ ಹಣ. ಅದರ ಪರವಾಗಿ ಸುಟ್ಟಗಾಯಗಳ ತಜ್ಞರೊಬ್ಬರು ಶಾಸಕರ ಮುಂದೆ ನಿಂತು, ಈ ರಾಸಾಯನಿಕ ಇಲ್ಲದ ದಿಂಬಿಗೆ ಬೆಂಕಿ ಹತ್ತಿ ಸತ್ತ ಹಸುಗೂಸಿನ ಕಥೆ ಹೇಳಿದ್ದರು. ಹಾಗೆ ಸತ್ತ ಕೂಸು ಇರಲೇ ಇಲ್ಲ. ಸಿಗರೇಟು ಕಂಪನಿಗಳೂ ತಮ್ಮ ಸಿಗರೇಟನ್ನು ಬದಲಿಸುವ ಬದಲು ಸೋಫಾವನ್ನು ಬದಲಿಸಿ ಎಂದು ಒತ್ತಡ ತಂದಿದ್ದವು.

ನಿಯಮದಿಂದ ಪ್ರಾಣ ಉಳಿಯಿತೇ ಎಂಬ ಪ್ರಶ್ನೆಗೆ ಉತ್ತರ ಸೋಫಾದ ಕಟ್ಟಣೆಯಲ್ಲೇ ಇದೆ. ಪರೀಕ್ಷೆ ನಡೆಯುತ್ತಿದ್ದದ್ದು ಬರಿಯ ಫೋಮಿನ ಮೇಲೆ. ನಿಜವಾದ ಮನೆಯಲ್ಲಿ ಮೊದಲು ಹೊತ್ತಿಕೊಳ್ಳುವುದು ಮೇಲಿನ ಬಟ್ಟೆ. ಬೆಂಕಿ ಫೋಮನ್ನು ಮುಟ್ಟುವ ಹೊತ್ತಿಗೆ ಜ್ವಾಲೆ ಎಷ್ಟು ದೊಡ್ಡದಾಗಿರುತ್ತದೆಂದರೆ ಫೋಮಿನೊಳಗಿನ ರಾಸಾಯನಿಕ ಅದನ್ನು ತಡೆಯಲಾರದು. ಬದಲಿಗೆ ಬ್ರೋಮಿನ್ ಬೆರೆತ ಫೋಮ್ ಸುಟ್ಟಾಗ ಕಪ್ಪು ಹೊಗೆ, ಕಾರ್ಬನ್ ಮಾನಾಕ್ಸೈಡ್ ಹೆಚ್ಚುತ್ತವೆ. ಬೆಂಕಿ ಅನಾಹುತದಲ್ಲಿ ಬಹಳ ಜನ ಸಾಯುವುದು ಉರಿಯಿಂದಲ್ಲ, ಹೊಗೆಯಿಂದ. 1997ರಲ್ಲಿ ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನ ಸತ್ತದ್ದು ಹೊರಹೋಗುವ ದಾರಿ ಸಿಗದೆ, ಉಸಿರುಗಟ್ಟಿ. 2010ರ ಫೆಬ್ರುವರಿಯಲ್ಲಿ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ 9 ಜನರ ಪ್ರಾಣ ಹೋದಾಗಲೂ ಮೇಲಂತಸ್ತುಗಳಲ್ಲಿ ತುಂಬಿಕೊಂಡದ್ದು ಹೊಗೆ. ಬೀಗ ಹಾಕದ ಮೆಟ್ಟಿಲ ಬಾಗಿಲು, ಹೊಗೆ ಎಚ್ಚರಿಕೆ ಗಂಟೆ, ಸರಿಯಾದ ವೈರಿಂಗ್, ತಾನಾಗಿ ಆರುವ ಸಿಗರೇಟು ಇವು ಪ್ರಾಣ ಉಳಿಸುತ್ತವೆ. ಕ್ಯಾಲಿಫೋರ್ನಿಯಾ ಸರ್ಕಾರವೇ ಕೊನೆಗೆ ಇದನ್ನು ಒಪ್ಪಿ, ಜ್ವಾಲೆಯ ಪರೀಕ್ಷೆ ಬಿಟ್ಟು, ಮೇಲಿನ ಬಟ್ಟೆ ಸಿಗರೇಟಿನ ಕಾವಿಗೆ ಹೊಗೆಯಾಡದಿದ್ದರೆ ಸಾಕೆಂಬ ಹೊಸ ಪರೀಕ್ಷೆ ತಂದಿತು. ರಾಸಾಯನಿಕವಿಲ್ಲದೆಯೇ ಅದನ್ನು ಪಾಸು ಮಾಡಬಹುದು. 2021ರಿಂದ ಅಮೆರಿಕಕ್ಕೆಲ್ಲ ಅದೇ ನಿಯಮ.

ಕ್ಯಾಲಿಫೋರ್ನಿಯಾದ ಮಾತು ಕನ್ನಡದವರಿಗೆ ದೂರದ್ದೇನಲ್ಲ. ಮಗಳ ಬಾಣಂತನಕ್ಕೆಂದು ಬೆಂಗಳೂರು, ಮೈಸೂರು, ಶಿವಮೊಗ್ಗಗಳಿಂದ ಫ್ರೀಮಾಂಟಿಗೆ, ಸನ್ನಿವೇಲಿಗೆ ಹೋಗಿಬಂದ ತಾಯಂದಿರು ನಮ್ಮಲ್ಲಿ ಎಷ್ಟೊಂದು ಮಂದಿ. 2008–09ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಬಸುರಿಯರನ್ನು ಪರೀಕ್ಷಿಸಿದ ಒಂದು ಅಧ್ಯಯನ, ಪ್ರಪಂಚದಲ್ಲಿ ಅಲ್ಲಿಯವರೆಗೆ ಬಸುರಿಯರಲ್ಲಿ ದಾಖಲಾದ ಅತಿ ಹೆಚ್ಚು ಪಿಬಿಡಿಇ ಪ್ರಮಾಣ ಅಲ್ಲಿ ಕಂಡುಬಂದಿದೆ ಎಂದಿತ್ತು. ಅಲ್ಲಿ ಹಳೆಯ ಸೋಫಾ ಅಗ್ಗಕ್ಕೆ ಕೊಳ್ಳುವ ನಮ್ಮ ಹುಡುಗರು, ಹುಡುಗಿಯರು ಅದು ಹೊಸ ಪರೀಕ್ಷೆ ಬರುವ ಮೊದಲಿನದೇ, ಅಂದರೆ 2014ಕ್ಕಿಂತ ಹಿಂದಿನದೇ ಎಂದು ಅಂಟಿಸಿದ ಚೀಟಿ ನೋಡಿ ಕೊಳ್ಳುವುದು ಒಳ್ಳೆಯದು.

ನಮ್ಮ ನೆಲದಲ್ಲಿ ಈ ವಿಷ ಬರುವ ಮುಖ್ಯ ದಾರಿ ಬೇರೆ. ಅದು ಗುಜರಿಯಿಂದ ಬರುತ್ತದೆ. ಹಳೆಯ ಟಿವಿ, ಕಂಪ್ಯೂಟರ್ ಮಾನಿಟರುಗಳ ಕಪ್ಪು ಪ್ಲಾಸ್ಟಿಕ್ ಕವಚದಲ್ಲಿ ಆಕ್ಟಾ, ಡೆಕಾ ಎಂಬ ಪಿಬಿಡಿಇಗಳು ತುಂಬಿರುತ್ತಿದ್ದವು. ಪ್ರಪಂಚಕ್ಕೆಲ್ಲ ಸಾಫ್ಟ್‌ವೇರ್ ಮಾಡುವ ಬೆಂಗಳೂರು ಇಂಥ ಕಸವನ್ನೂ ಗುಡ್ಡೆಗಟ್ಟಲೆ ಹುಟ್ಟಿಸುತ್ತದೆ. ಗೌರಿಪಾಳ್ಯದ ಸಣ್ಣ ಶೆಡ್ಡುಗಳಲ್ಲಿ ಒಡೆಸಿಕೊಂಡು, ನಾಯಂಡಹಳ್ಳಿಯಂಥ ಕಡೆ ಪುಡಿಯಾಗಿ, ಕರಗಿ, ಪ್ಲಾಸ್ಟಿಕ್ ಮತ್ತೆ ಮಾರುಕಟ್ಟೆಗೆ ಬರುತ್ತದೆ. ಆ ಕೆಲಸ ಮಾಡುವ ಹೆಂಗಸರಲ್ಲಿ ಬಸುರಿಯರೂ ಇರುತ್ತಾರೆ, ಮಗ್ಗುಲಲ್ಲಿ ಮಕ್ಕಳು ಆಡುತ್ತಿರುತ್ತಾರೆ. 2017ರಲ್ಲಿ 26 ದೇಶಗಳಲ್ಲಿ ಕೊಂಡ ಮಕ್ಕಳ ಆಟಿಕೆಗಳನ್ನು, ಹೆಚ್ಚಾಗಿ ಬಣ್ಣದ ಚೌಕಗಳಿರುವ ಕಪ್ಪು ಪ್ಲಾಸ್ಟಿಕ್ಕಿನ ಆಟದ ಘನಗಳನ್ನು, ಐಪೆನ್ ಎಂಬ ಸ್ವಯಂಸೇವಾ ಸಂಸ್ಥೆಗಳ ಒಕ್ಕೂಟ ಪರೀಕ್ಷಿಸಿದಾಗ ಬಹುಪಾಲು ಮಾದರಿಗಳಲ್ಲಿ ಈ ರಾಸಾಯನಿಕಗಳು ಸಿಕ್ಕವು. ಆಟಿಕೆಗೆ ಯಾರೂ ಬೆಂಕಿ ತಡೆ ಬೆರೆಸಿರಲಿಲ್ಲ. ಹಳೆಯ ಟಿವಿಯೇ ಆಟಿಕೆಯಾಗಿ ಬಂದಿತ್ತು.

ಕಾಗದದ ಮೇಲೆ ನಮ್ಮಲ್ಲಿ ನಿಯಮಗಳಿವೆ. ಹೊಸ ವಿದ್ಯುನ್ಮಾನ ಸರಕಿನಲ್ಲಿ ಪಿಬಿಡಿಇ, ಪಿಬಿಬಿ ಶೇ. 0.1 ಮೀರಬಾರದೆಂಬ ಮಿತಿ ಇ-ತ್ಯಾಜ್ಯ ನಿಯಮಗಳಲ್ಲಿದೆ. ಸ್ಟಾಕ್‌ಹೋಮ್ ಒಪ್ಪಂದದಡಿ ಪಟ್ಟಿಯಾದ ಏಳು ರಾಸಾಯನಿಕಗಳನ್ನು ಕೇಂದ್ರ ಸರ್ಕಾರ 2018ರಲ್ಲಿ ನಿಷೇಧಿಸಿತು. ಪೆಂಟಾ, ಆಕ್ಟಾಗಳಲ್ಲಿನ ಮುಖ್ಯ ಬಗೆಗಳೂ ಅದರಲ್ಲಿ ಸೇರಿವೆ. ಆದರೆ ಸ್ಟಾಕ್‌ಹೋಮ್ ಒಪ್ಪಂದವೇ ಈ ರಾಸಾಯನಿಕಗಳಿರುವ ಹಳೆಯ ವಸ್ತುಗಳನ್ನು 2030ರವರೆಗೆ ಮರುಬಳಕೆ ಮಾಡಲು ವಿನಾಯಿತಿ ಇಟ್ಟಿತು. ವಿಷವೆಂದು ಒಪ್ಪಿ ತಯಾರಿಕೆ ನಿಲ್ಲಿಸಿದ್ದನ್ನು ಮಕ್ಕಳ ಆಟಿಕೆಯಾಗಿ ಬರಲು ಬಿಡುವ ಈ ವಿನಾಯಿತಿ ನನ್ನ ದೃಷ್ಟಿಯಲ್ಲಿ ಅನ್ಯಾಯ.

ತಡೆಯುವುದು ಅಸಾಧ್ಯವೂ ಅಲ್ಲ. ಕೈಯಲ್ಲಿ ಹಿಡಿಯುವ ಎಕ್ಸ್-ರೇ ಯಂತ್ರ ಕೆಲವೇ ಸೆಕೆಂಡಿನಲ್ಲಿ ಪ್ಲಾಸ್ಟಿಕ್ಕಿನಲ್ಲಿ ಬ್ರೋಮಿನ್ ಇದೆಯೇ ಎಂದು ಹೇಳುತ್ತದೆ. ಯಂತ್ರವಿಲ್ಲದ ಗುಜರಿ ಕೆಲಸಗಾರರಿಗೂ ಇದು ಗೊತ್ತು. ಬ್ರೋಮಿನ್ ತುಂಬಿದ ಪ್ಲಾಸ್ಟಿಕ್ ಹೆಚ್ಚು ತೂಕದ್ದಾದ್ದರಿಂದ ಉಪ್ಪುನೀರಿನ ತೊಟ್ಟಿಯಲ್ಲಿ ಮುಳುಗುತ್ತದೆ, ಉಳಿದದ್ದು ತೇಲುತ್ತದೆ. ದೆಹಲಿಯ ಗುಜರಿ ಕೇರಿಗಳಲ್ಲಿ ಹೀಗೆ ಬೇರ್ಪಡಿಸುವ ರೂಢಿ ಇದೆ. ಇಲ್ಲದಿರುವುದು ಮುಳುಗಿದ್ದನ್ನು ಅವರಿಂದ ಬೆಲೆ ಕೊಟ್ಟು ಕೊಂಡು ಸುರಕ್ಷಿತವಾಗಿ ನಾಶಮಾಡುವ ವ್ಯವಸ್ಥೆ. ಅದು ಇಲ್ಲದವರೆಗೆ ಮುಳುಗಿದ್ದೂ ಹೇಗೋ ಮಾರಾಟವಾಗಿಯೇ ಆಗುತ್ತದೆ. ಹೊಟ್ಟೆಪಾಡಿನ ಕೆಲಸ ಮಾಡುವವರನ್ನು ದೂರುವುದರಲ್ಲಿ ನ್ಯಾಯವಿಲ್ಲ. ಟಿವಿ, ಕಂಪ್ಯೂಟರ್ ಮಾರಿದ ಕಂಪನಿಗಳಿಂದ ಆ ಹಣ ವಸೂಲು ಮಾಡಬೇಕು.

ತಾಯಂದಿರನ್ನು ಹೆದರಿಸಲು ನಾನು ಇದನ್ನು ಬರೆಯುತ್ತಿಲ್ಲ. ಎದೆಹಾಲು ನಿಲ್ಲಿಸಬೇಕೆಂದು ಈ ವಿಷಯ ಬಲ್ಲ ವಿಜ್ಞಾನಿಗಳು ಹೇಳುವುದಿಲ್ಲ, ಹಾಲಿನ ಲಾಭ ಅಷ್ಟು ದೊಡ್ಡದು. ದಿನವೂ ಒದ್ದೆ ಬಟ್ಟೆಯಿಂದ ನೆಲ ಒರೆಸುವುದು, ಊಟಕ್ಕೆ ಮುಂಚೆ ಮಗುವಿನ ಕೈ ತೊಳೆಯುವುದು, ಹರಿದು ಪುಡಿ ಉದುರುವ ಫೋಮನ್ನು ಮನೆಯಿಂದ ತೆಗೆಯುವುದು ಇಷ್ಟರಿಂದಲೇ ಒಳಹೋಗುವ ಪ್ರಮಾಣ ಕಡಿಮೆಯಾಗುತ್ತದೆ. ಆದರೆ ಗೃಹಿಣಿಯ ಪೊರಕೆಯ ಮೇಲೆ ದೇಶದ ರಾಸಾಯನಿಕ ನೀತಿ ನಿಲ್ಲಬಾರದು. ಸ್ವೀಡನ್ನಿನಲ್ಲಿ 1972ರಿಂದ 1997ರವರೆಗೆ ಕೂಡಿಟ್ಟ ಎದೆಹಾಲಿನ ಮಾದರಿಗಳಲ್ಲಿ ಪಿಬಿಡಿಇ ಐದು ವರ್ಷಕ್ಕೊಮ್ಮೆ ಇಮ್ಮಡಿಯಾಗುತ್ತ ಬಂದಿತ್ತು. ಅದು ಬೆಳಕಿಗೆ ಬಂದು ಬಳಕೆಗೆ ಕಡಿವಾಣ ಬಿದ್ದ ಮೇಲೆ ಇಳಿಯತೊಡಗಿತು. ಆ ದೇಶದ ತಾಯಂದಿರು ಹೆಚ್ಚು ನೆಲ ಒರೆಸಿದ್ದರಿಂದ ಅದು ಇಳಿಯಲಿಲ್ಲ, ನಿಯಮ ಬದಲಾದದ್ದರಿಂದ ಇಳಿಯಿತು.

ಹತ್ತಿ, ತೆಂಗಿನ ನಾರಿನ ಹಾಸಿಗೆ ಬಿಟ್ಟು ಫೋಮಿನ ಹಾಸಿಗೆ, ಸೋಫಾಗಳಿಗೆ ನಮ್ಮ ಸಣ್ಣ ಊರುಗಳೂ ಈಗ ವಾಲುತ್ತಿವೆ. ಬೆಂಕಿ ಸುರಕ್ಷತೆಯ ಮಾನದಂಡಗಳನ್ನು ನಾವು ಈಗ ಬರೆಯುತ್ತಿದ್ದೇವೆ, ಮುಂದೆ ಇನ್ನೂ ಬರೆಯಲಿದ್ದೇವೆ. ಹಾಗಾಗಿ ಮಾನದಂಡ ಬರೆಯುವ ಭಾರತೀಯ ಮಾನಕ ಬ್ಯೂರೋ ಮುಂದೆ ನನ್ನ ಕೋರಿಕೆ ಇಷ್ಟು. ಮನೆಬಳಕೆಯ ಫೋಮಿಗೆ ಬರಿಯ ಜ್ವಾಲೆಯ ಪರೀಕ್ಷೆ ಎಂದೂ ತರಬೇಡಿ. ಮಕ್ಕಳ ಹಾಸಿಗೆ, ದಿಂಬು, ಆಟಿಕೆಗಳಲ್ಲಿ ಬ್ರೋಮಿನ್, ಕ್ಲೋರಿನ್ ಬೆಂಕಿ ತಡೆಗಳ ಇಡೀ ಗುಂಪನ್ನೇ ನಿಷೇಧಿಸಿ. ಪ್ರತಿ ಆಟಿಕೆಯ ಪರೀಕ್ಷೆಯಲ್ಲಿ ಸೀಸವನ್ನು ಅಳೆಯುವಂತೆ ಬ್ರೋಮಿನನ್ನೂ ಅಳೆಯಿರಿ. ಮರುಬಳಕೆಯ ವಿನಾಯಿತಿ ಮುಗಿಯಲೆಂದು 2030ರವರೆಗೆ ಕಾಯಬೇಡಿ.